ಕದ್ದ ದೈವತ್ವ, ಅಡವಿಟ್ಟ ಆತ್ಮ

ಸ್ಕೈರಿಮ್ ಎಂಬ ವಿಡಿಯೊ ಗೇಮನ್ನು ನಾಲ್ಕು ದಿನ ಆಡಿದವರ ಜೋಳಿಗೆಯಲ್ಲಿ ಒಂದಾದರೂ ಕಪ್ಪು ಹರಳು ಇದ್ದೇ ಇರುತ್ತದೆ. ದಾರಿಗಡ್ಡ ಬಂದ ಡಕಾಯಿತನ ಮೇಲೆ ಮೊದಲು ಒಂದು ಮಂತ್ರ ಪ್ರಯೋಗಿಸಬೇಕು; ಅದರ ಪ್ರಭಾವ ಇಳಿಯುವುದರೊಳಗೆ ಅವನನ್ನು ಕೊಲ್ಲಬೇಕು. ಹೆಣದಿಂದ ನೇರಳೆ ಬೆಳಕು ಎದ್ದು, ಸುರುಳಿ ಸುತ್ತುತ್ತ ಆಟಗಾರನ ಕಡೆ ಹರಿದು ಬರುತ್ತದೆ. ಆತ್ಮ ಸೆರೆಯಾಯಿತು ಎಂಬ ಒಂದು ಸಾಲು ಪರದೆಯ ಮೂಲೆಯಲ್ಲಿ ಮೂಡಿ ಮಾಯವಾಗುತ್ತದೆ. ಮುಂದೆಂದೋ ಕತ್ತಿಯ ಮಂತ್ರಶಕ್ತಿ ಕುಂದಿದಾಗ ಆ ಹರಳಿನಲ್ಲಿದ್ದದ್ದನ್ನು ಅದಕ್ಕೆ ತುಂಬಿಸಿಕೊಂಡರಾಯಿತು. ಆತ್ಮಗಳಿಗೆ ಅಲ್ಲಿ ದರ್ಜೆಗಳೂ ಇವೆ. ಹೊಳೆದಂಡೆಯ ಏಡಿಯದು ತೀರಾ ಚಿಕ್ಕದು, ಮ್ಯಾಮತ್‌ನದು ದೊಡ್ಡದು. ಮನುಷ್ಯರ, ಎಲ್ಫ್‌ಗಳ ಆತ್ಮಕ್ಕೆ ಕಪ್ಪು ಹರಳೇ ಬೇಕು. ಆ ಮಟ್ಟಿಗೆ ಭಿಕ್ಷುಕನಿಗೂ ಸಾಮಂತನಿಗೂ ಭೇದವಿಲ್ಲ, ಎಲ್ಲರದೂ ಒಂದೇ ತೂಕ.

ಹರಳು ಖಾಲಿಯಾದ ಮೇಲೆ ಆ ಡಕಾಯಿತ ಎಲ್ಲಿಗೆ ಹೋದ? ಆಡುವ ಭರದಲ್ಲಿ ಈ ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದಿಲ್ಲ. ಆಟ ಕಟ್ಟಿದವರಿಗೆ ಹೊಳೆದಿದೆ. ಅವರು ಉತ್ತರವನ್ನೂ ಬರೆದಿಟ್ಟಿದ್ದಾರೆ, ಮತ್ತು ಆ ಉತ್ತರ ಅಷ್ಟೇನೂ ಸಮಾಧಾನದ್ದಲ್ಲ.

ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಬೆಥೆಸ್ಡಾ ಕಂಪನಿಯ ಎಲ್ಡರ್ ಸ್ಕ್ರೋಲ್ಸ್ ಸರಣಿ ಶುರುವಾದದ್ದು 1994ರಲ್ಲಿ. 1996ರಲ್ಲಿ ಡ್ಯಾಗರ್‌ಫಾಲ್, 2002ರಲ್ಲಿ ಮಾರೋವಿಂಡ್, 2006ರಲ್ಲಿ ಒಬ್ಲಿವಿಯನ್, 2011ರಲ್ಲಿ ಸ್ಕೈರಿಮ್ ಬಂದವು. ಸ್ಕೈರಿಮ್ ಒಂದೇ 6 ಕೋಟಿಗೂ ಹೆಚ್ಚು ಪ್ರತಿ ಖರ್ಚಾಗಿದೆ ಎಂದು ಅದರ ನಿರ್ದೇಶಕ ಟಾಡ್ ಹವರ್ಡ್ 2023ರಲ್ಲಿ ಹೇಳಿದರು. ಅಷ್ಟು ಮಂದಿಯಲ್ಲಿ ಬಹುಪಾಲು ಜನ ಡ್ರ್ಯಾಗನ್ ಕೊಂದು ಸಂತೋಷಪಟ್ಟು ಮುಂದೆ ಹೋದವರು. ಉಳಿದ ಕೆಲವರು ಆಟದೊಳಗಿನ ಕಪಾಟುಗಳಲ್ಲಿ ಸಿಗುವ ನೂರಾರು ಪುಸ್ತಕಗಳನ್ನು ಕೂತು ಓದಿದರು. ಹಾಗೆ ಓದಿದವರಿಗೆ ಮಾತ್ರ ಈ ಲೋಕದ ನಿಜವಾದ ಚೇಷ್ಟೆ ಗೊತ್ತು. ಆ ಪುಸ್ತಕಗಳನ್ನು ಬರೆದವರೆಲ್ಲ ಅದೇ ಲೋಕದ ಪಾತ್ರಗಳು: ಪೂಜಾರಿಗಳು, ಆಸ್ಥಾನದ ಇತಿಹಾಸಕಾರರು, ಬಹಿಷ್ಕೃತರು, ಮಾಟಗಾರರು. ಒಬ್ಬೊಬ್ಬರಿಗೂ ಒಂದೊಂದು ಹಿತಾಸಕ್ತಿ. ನಡೆದದ್ದು ಇದೇ ಎಂದು ಅಧಿಕಾರದಿಂದ ಹೇಳುವ ಕಥೆಗಾರ ಎಲ್ಲಿಯೂ ಇಲ್ಲ. ಮಾರೋವಿಂಡ್‌ನ ಮುಖ್ಯ ವಿನ್ಯಾಸಕಾರ ಕೆನ್ ರೋಲ್‌ಸ್ಟನ್ ಅದಕ್ಕೂ ಮೊದಲು ರೂನ್‌ಕ್ವೆಸ್ಟ್ ಎಂಬ ಮೇಜಿನಾಟದಲ್ಲಿ ಪಳಗಿದವರು. ಒಂದೇ ದೇವರ ಬಗ್ಗೆ ಊರಿಗೊಂದು ಕಥೆ, ಮನುಷ್ಯರೂ ದೇವರಾಗಬಹುದು ಎಂಬ ನಂಬಿಕೆ, ಎರಡೂ ಆ ಆಟದ ಜೀವಾಳ. ಅದರ ವಾಸನೆ ಇಲ್ಲೂ ಹತ್ತಿದೆ.

ಆತ್ಮದ ಜಗಳಕ್ಕೆ ಬುಡವೇ ಸೃಷ್ಟಿಕಥೆ. ಲೋರ್ಕಾನ್ ಎಂಬ ಒಬ್ಬ ಆದಿದೇವ ಉಳಿದ ದೇವತೆಗಳನ್ನು ಒಪ್ಪಿಸಿಯೋ ವಂಚಿಸಿಯೋ ಈ ಮರ್ತ್ಯಲೋಕವನ್ನು ಮಾಡಿಸಿದ. ಮಾಡಿದವರು ತಮ್ಮ ಶಕ್ತಿಯನ್ನೇ ಅದಕ್ಕೆ ಸುರಿದು ಬಡಕಲಾದರು. ನಕ್ಷೆ ಬರೆದುಕೊಟ್ಟ ಮ್ಯಾಗ್ನಸ್ ಎಂಬ ದೇವ ಅರ್ಧಕ್ಕೇ ಬಿಟ್ಟು ಆಕಾಶ ಹರಿದುಕೊಂಡು ಓಡಿದ. ಅವನು ಮಾಡಿದ ತೂತೇ ಅಲ್ಲಿಯ ಸೂರ್ಯ. ಸಿಟ್ಟಿಗೆದ್ದ ಉಳಿದವರು ಲೋರ್ಕಾನನ ಎದೆ ಬಗೆದು ಹೃದಯ ಕಿತ್ತರು. ಎಷ್ಟು ಹೊಡೆದರೂ ಅದು ನಾಶವಾಗದಾಗ ಬಾಣಕ್ಕೆ ಕಟ್ಟಿ ದೂರ ಎಸೆದರು. ಅದು ಬಿದ್ದ ಜಾಗದಲ್ಲಿ ಕೆಂಪು ಬೆಟ್ಟ ಎಂಬ ಜ್ವಾಲಾಮುಖಿ ಎದ್ದಿತು. ಎಲ್ಫ್‌ಗಳ ಪ್ರಕಾರ ಇದೆಲ್ಲ ಶುದ್ಧ ಮೋಸ: ಅಮರರಾಗಿದ್ದ ತಮ್ಮ ಹಿರಿಯರನ್ನು ಸಾವಿನ ಜೈಲಿಗೆ ತಳ್ಳಿದ ಖದೀಮ ಅವನು. ಮನುಷ್ಯರ ಪ್ರಕಾರ ಇದು ಉಪಕಾರ: ಅವನಿಲ್ಲದಿದ್ದರೆ ನಾವು ಹುಟ್ಟುತ್ತಲೇ ಇರಲಿಲ್ಲ. ಸಾಯುವುದು ವರವೋ ಶಾಪವೋ ಎಂಬಲ್ಲಿಯೇ ಒಮ್ಮತವಿಲ್ಲದ ಮೇಲೆ, ಸತ್ತವರು ಎಲ್ಲಿಗೆ ಹೋಗಬೇಕು ಎಂಬಲ್ಲಿ ಒಮ್ಮತ ಎಲ್ಲಿಂದ ಬರಬೇಕು?

ಹೀಗಾಗಿ ಇಲ್ಲಿ ಪರಲೋಕ ಒಂದಲ್ಲ. ಹಲ್ಲಿಮೈಯ ಆರ್ಗೋನಿಯನ್ನರ ಆತ್ಮ ಹಿಸ್ಟ್ ಎಂಬ ಮರಗಳಿಗೆ ಹಿಂತಿರುಗುತ್ತದೆ. ಮರಳುನಾಡಿನ ರೆಡ್‌ಗಾರ್ಡರು ನಕ್ಷತ್ರ ಹಿಡಿದು ದೂರದ ದಡಕ್ಕೆ ನಡೆಯುತ್ತಾರೆ. ಉತ್ತರದ ನಾರ್ಡ್ ಯೋಧರಿಗೆ ಸೋವನ್‌ಗಾರ್ಡ್: ತಿಮಿಂಗಿಲದ ಎಲುಬಿನ ಸೇತುವೆ, ಅದರಾಚೆ ತುಂಬಿದ ಪಾನಪಾತ್ರೆಗಳ ವೀರಮಂದಿರ. ಸ್ಕೈರಿಮ್‌ನ ಮುಖ್ಯ ಕಥೆ ಮುಗಿಯುವುದು ಅಲ್ಲಿಯೇ. ನೋಡಲು ಚೆಂದ. ಆದರೆ ನನಗೆ ಅದು ಪ್ರವಾಸಿ ತಾಣದಂತೆ ಕಂಡದ್ದೇ ಹೆಚ್ಚು, ಯಾಕೆಂದರೆ ಅಲ್ಲಿ ತಕರಾರೇ ಇಲ್ಲ. ಒಂದು ಸೂಕ್ಷ್ಮ ಮಾತ್ರ ಮೆಚ್ಚಬೇಕು. ಬದುಕಿದ್ದಾಗ ಒಬ್ಬನನ್ನೊಬ್ಬ ಕೊಂದವರು ಅಲ್ಲಿ ಒಂದೇ ಕಡೆ ಸೇರಿರುತ್ತಾರೆ. ಬಂಡಾಯದ ನಾಯಕ ಉಲ್ಫ್ರಿಕ್‌ನ ಕೈಯಲ್ಲಿ ಸತ್ತ ಅರಸ ಟೋರಿಗ್ ಅಲ್ಲಿದ್ದಾನೆ. ಆಟಗಾರ ಅಂತರ್ಯುದ್ಧದಲ್ಲಿ ಇನ್ನೊಂದು ಪಕ್ಷ ಹಿಡಿದು ಉಲ್ಫ್ರಿಕ್‌ನನ್ನು ಮುಗಿಸಿದ್ದರೆ ಅವನೂ ಅಲ್ಲಿಯೇ ಸಿಗುತ್ತಾನೆ.

ತಕರಾರು ಬೇಕೆಂದರೆ ಕೊಡ್ಲಾಕ್ ವೈಟ್‌ಮೇನ್ ಎಂಬ ಮುದುಕನ ಕಥೆ ನೋಡಬೇಕು. ಅವನು ಕಂಪ್ಯಾನಿಯನ್ಸ್ ಎಂಬ ಯೋಧರ ಬಳಗದ ಹಿರಿಯ. ಆ ಬಳಗದ ಒಳಮಂದಿ ಗುಟ್ಟಾಗಿ ನರತೋಳಗಳು. ಹಿಂದೆ ಅವರ ಹಿರಿಯರು ಮಾಟಗಾತಿಯರಿಂದ ಆ ಶಕ್ತಿ ಪಡೆದಿದ್ದರು. ಬೆಲೆ ಏನೆಂದು ಆಮೇಲೆ ತಿಳಿಯಿತು: ತೋಳದ ರಕ್ತ ಹರಿಯುವವನ ಆತ್ಮ ಸತ್ತ ಮೇಲೆ ಬೇಟೆಯ ಒಡೆಯ ಹಿರ್ಸೀನ್‌ಗೆ ಸೇರಬೇಕು. ಅವನ ಕಾಡಿನಲ್ಲಿ ಮುಗಿಯದ ಬೇಟೆ. ಕೊಡ್ಲಾಕ್‌ಗೆ ಅದು ಬೇಡ; ತನ್ನ ಜನ ಹೋಗುವ ಸೋವನ್‌ಗಾರ್ಡ್‌ಗೇ ಹೋಗಬೇಕು. ಮದ್ದು ಸಿಗುವ ಮೊದಲೇ ಅವನ ಕೊಲೆಯಾಗುತ್ತದೆ. ಆಮೇಲೆ ಆಟಗಾರ ಸಂಸ್ಥಾಪಕನ ಸಮಾಧಿಗೆ ಹೋಗಿ, ಕಡಿದು ತಂದ ಮಾಟಗಾತಿಯ ತಲೆಯನ್ನು ಅಲ್ಲಿಯ ನೀಲಿ ಬೆಂಕಿಗೆ ಹಾಕಬೇಕು. ಮುದುಕನ ಪ್ರೇತದೊಳಗಿಂದ ತೋಳದ ರೂಪ ಹೊರಗೆ ಜಿಗಿಯುತ್ತದೆ. ಅದನ್ನು ಹೊಡೆದು ಕೆಡವಿದರೆ ಅವನಿಗೆ ಬಿಡುಗಡೆ. ಮುಖ್ಯ ಕಥೆಯನ್ನು ಇದಾದ ಮೇಲೆ ಮುಗಿಸಿದರೆ ವೀರಮಂದಿರದಲ್ಲಿ ಅವನನ್ನು ಕಾಣಲೂಬಹುದು. ಇಡೀ ಆಟದಲ್ಲಿ ಸತ್ತವನೊಬ್ಬನಿಗೆ ಆಟಗಾರ ನಿಜಕ್ಕೂ ಏನಾದರೂ ಮಾಡಿದ್ದಾನೆ ಎನ್ನಿಸುವ ಜಾಗಗಳಲ್ಲಿ ಇದೊಂದು.

ಇನ್ನು ಆಟಗಾರನ ಸ್ವಂತ ಆತ್ಮದ ಪಾಡು. ಇವನೂ ಶಕ್ತಿಯ ಆಸೆಗೆ ನರತೋಳನಾಗಬಹುದು; ಆಗ ಹಿರ್ಸೀನ್‌ನ ಹಕ್ಕು. ಕಳ್ಳರ ಸಂಘದಲ್ಲಿ ಮೇಲೇರಲು ಇರುಳಿನ ಒಡತಿ ನೊಕ್ಟರ್ನಲ್‌ಗೆ ಮಾತು ಕೊಡಬೇಕು: ಸತ್ತ ಮೇಲೂ ಅವಳ ಗುಡಿಗೆ ಕಾವಲು. ಜ್ಞಾನದ ಆಸೆಗೆ ಅದರ ಒಡೆಯ ಹರ್ಮಿಯಸ್ ಮೋರಾನ ಕಪ್ಪು ಪುಸ್ತಕಗಳನ್ನು ತೆರೆದರೆ, ಹಿಂದಿನ ಸೇವಕನನ್ನು ಕೊಂದ ಅವನು ಇನ್ನು ಮುಂದೆ ನೀನೇ ನನ್ನವನು ಎನ್ನುತ್ತಾನೆ. ಹುಟ್ಟಿನಿಂದ ನಾರ್ಡ್ ಆಗಿದ್ದರೆ ಸೋವನ್‌ಗಾರ್ಡ್‌ನ ಹಕ್ಕು ಬೇರೆ. ಒಂದೇ ಸೈಟಿನ ಪತ್ರ ಇಟ್ಟು ನಾಲ್ಕು ಬ್ಯಾಂಕಿನಲ್ಲಿ ಸಾಲ ಎತ್ತಿದವನ ಸ್ಥಿತಿ ಇದು. ವ್ಯಾಜ್ಯ ಇತ್ಯರ್ಥವಾಗುವುದಿಲ್ಲ, ಏಕೆಂದರೆ ಆಟಗಾರ ಸಾಯುವುದೇ ಇಲ್ಲ. ಸತ್ತ ಮರುಕ್ಷಣ ಹಿಂದಿನ ಸೇವ್ ಫೈಲ್ ತೆರೆದುಕೊಳ್ಳುತ್ತದೆ.

ಅವನು ತನ್ನ ಆತ್ಮದ ಬೆಲೆ ಕಟ್ಟಲೇಬೇಕಾಗಿ ಬರುವ ಒಂದು ಸಂದರ್ಭ ಮಾತ್ರ ಇದೆ. 2012ರಲ್ಲಿ ಬಂದ ಡಾನ್‌ಗಾರ್ಡ್ ಎಂಬ ಸೇರ್ಪಡೆಯಲ್ಲಿ ಸೋಲ್ ಕೇರ್ನ್ ಎಂಬ ಲೋಕ ತೆರೆಯುತ್ತದೆ. ಕಪ್ಪು ಹರಳಿನಲ್ಲಿ ಸಿಕ್ಕಿದ ಆತ್ಮಗಳೆಲ್ಲ ಕೊನೆಗೆ ಬಂದು ಬೀಳುವುದು ಇಲ್ಲಿಗೆ. ನೇರಳೆ ಆಕಾಶ, ನಿಲ್ಲದ ಸಿಡಿಲು, ಕಣ್ಣು ಹರಿಯುವವರೆಗೂ ಗೋರಿಕಲ್ಲು. ಐಡಿಯಲ್ ಮಾಸ್ಟರ್ಸ್ ಎಂಬ ದೇಹವಿಲ್ಲದ ಒಡೆಯರು ಈ ಆತ್ಮಗಳನ್ನು ಉಂಡು ಬದುಕುತ್ತಾರೆ. ಜೀವಂತ ಮನುಷ್ಯ ಒಳಗೆ ಕಾಲಿಡುವಂತಿಲ್ಲ. ರಕ್ತಪಿಶಾಚಿಯಾಗಬೇಕು, ಇಲ್ಲವೇ ತನ್ನ ಆತ್ಮದ ಒಂದು ಪಾಲನ್ನು ಹರಳಿಗೆ ಇಳಿಸಿಕೊಳ್ಳಬೇಕು. ಎರಡನೆಯದನ್ನು ಒಪ್ಪಿದರೆ ಒಳಗಿರುವಷ್ಟು ಹೊತ್ತು ಆಯಸ್ಸು, ಬಲ, ಮಂತ್ರ ಮೂರೂ ಕುಗ್ಗಿರುತ್ತವೆ. ಅಲ್ಲೊಬ್ಬ ಡ್ರ್ಯಾಗನ್ ಇದ್ದಾನೆ, ಹೆಸರು ಡರ್ನೆವೀರ್. ಸತ್ತವರ ಸೈನ್ಯ ಬೇಕೆಂಬ ಆಸೆಗೆ ಆ ಒಡೆಯರ ಜೊತೆ ಕರಾರು ಮಾಡಿಕೊಂಡ. ವಲೇರಿಕಾ ಎಂಬ ಹೆಂಗಸು ಸಾಯುವವರೆಗೂ ಅವಳನ್ನು ಕಾಯಬೇಕು, ಅಷ್ಟೇ ಷರತ್ತು. ಅವಳು ರಕ್ತಪಿಶಾಚಿ, ಮುಪ್ಪಿನಿಂದ ಸಾಯುವವಳೇ ಅಲ್ಲ ಎಂಬುದನ್ನು ಮಾತ್ರ ಅವರು ಹೇಳಲಿಲ್ಲ. ಕಾದೂ ಕಾದೂ ಅವನು ಆ ಲೋಕಕ್ಕೇ ಅಂಟಿಹೋದ. ಈಗ ಅವನ ದೊಡ್ಡ ಆಸೆ ಒಂದೇ: ಹುಟ್ಟಿದ ಲೋಕದ ಆಕಾಶದಲ್ಲಿ ಯಾರಾದರೂ ತನ್ನ ಹೆಸರು ಹಿಡಿದು ಕೂಗಬೇಕು, ನಾಲ್ಕು ಗಳಿಗೆ ಅಲ್ಲಿ ಹಾರಬೇಕು.

ಅದೇ ಗೋರಿಗಳ ನಡುವೆ ಜಿಯೂಬ್ ಅಲೆಯುತ್ತಿರುತ್ತಾನೆ. ಇವನನ್ನು ಗುರುತಿಸಲು 2002ರ ಮಾರೋವಿಂಡ್ ಆಡಿರಬೇಕು. ಆ ಆಟ ಶುರುವಾಗುವುದೇ ಕೈದಿಗಳ ಹಡಗಿನಲ್ಲಿ. ನಿದ್ದೆಯಿಂದ ಎಬ್ಬಿಸಿ ಹೆಸರು ಕೇಳುವ ಒಕ್ಕಣ್ಣ ಜಿಯೂಬನೇ. ಅವನ ಪಾತ್ರ ಅಲ್ಲಿಗೆ ಮುಗಿಯಿತು. ಆದರೆ ಆ ಆಟದಲ್ಲಿ ಬಯಲಲ್ಲಿ ನಡೆಯುವವರನ್ನು ಹೆಜ್ಜೆಹೆಜ್ಜೆಗೂ ಪೀಡಿಸುವ ಕ್ಲಿಫ್ ರೇಸರ್ ಎಂಬ ಹಾರುವ ಪ್ರಾಣಿಗಳಿದ್ದವು. ಆಡಿದವರೆಲ್ಲ ಅವನ್ನು ಶಪಿಸಿದವರೇ. ಆ ಶಾಪ ಬೆಥೆಸ್ಡಾದವರ ಕಿವಿಗೂ ಬಿದ್ದಿರಬೇಕು. ನಾಲ್ಕು ವರ್ಷದ ಮೇಲೆ ಬಂದ ಒಬ್ಲಿವಿಯನ್‌ನಲ್ಲಿ ದಾರಿಹೋಕರು ಒಂದು ಸುದ್ದಿ ಹೇಳುತ್ತಾರೆ: ಜಿಯೂಬ್ ಎಂಬಾತ ಆ ದ್ವೀಪದಿಂದ ಕ್ಲಿಫ್ ರೇಸರ್‌ಗಳನ್ನು ಓಡಿಸಿದನಂತೆ, ಅದಕ್ಕೆ ಅವನನ್ನು ಸಂತ ಎಂದು ಸಾರಿದರಂತೆ. ಸ್ಕೈರಿಮ್ ಹೊತ್ತಿಗೆ ಆ ಸಂತ ಸೋಲ್ ಕೇರ್ನ್‌ನಲ್ಲಿದ್ದಾನೆ. ತನ್ನ ಮಹಾಗ್ರಂಥ ಬರೆಯಲು ಕ್ವಾಚ್ ಎಂಬ ಊರಿಗೆ ಹೋಗಿದ್ದನಂತೆ, ಆ ಊರಿನ ಮೇಲೆ ದಾಳಿಯಾಗಿ ಸತ್ತನಂತೆ. ಚದುರಿದ ಹತ್ತು ಹಾಳೆಗಳನ್ನು ಹುಡುಕಿಕೊಡು ಎಂದು ಬೇಡುತ್ತಾನೆ. ಸಂತಪದವಿ ಬಂದದ್ದೂ ನಿಜ, ಆತ್ಮ ಒತ್ತೆ ಬಿದ್ದದ್ದೂ ನಿಜ. ಒಂದು ಇನ್ನೊಂದನ್ನು ಬಿಡಿಸಲಿಲ್ಲ.

ಸಂತರ ಮಾತು ಇದಾಯಿತು, ಇನ್ನು ದೇವರಾದವರ ವಿಚಾರ. ಈ ಸರಣಿಯ ಅತ್ಯುತ್ತಮ ಬರವಣಿಗೆ ಮಾರೋವಿಂಡ್‌ನದೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅದರ ನಡುಮಧ್ಯೆ ಇರುವುದು ಒಂದು ಕಳವು.

ಕೆಂಪು ಬೆಟ್ಟದ ಅಡಿಯಲ್ಲಿ ಹೂತಿದ್ದ ಲೋರ್ಕಾನನ ಹೃದಯ ಡ್ವೆಮರ್ ಎಂಬ ಗಣಿಗಾರ ಎಲ್ಫ್‌ಗಳ ಕೈಗೆ ಸಿಕ್ಕಿತು. ಅವರ ಯಂತ್ರಶಿಲ್ಪಿ ಕ್ಯಾಗ್ರೆನಾಕ್ ಅದರಿಂದ ಶಕ್ತಿ ಹಿಂಡಲು ಮೂರು ಉಪಕರಣ ಮಾಡಿದ: ಒಂದು ಸುತ್ತಿಗೆ, ಒಂದು ಚೂರಿ, ಅವನ್ನು ಹಿಡಿಯಲು ಒಂದು ಕೈಗವಸು. ಮೊದಲ ಯುಗದ 700ನೇ ವರ್ಷದ ಯುದ್ಧದಲ್ಲಿ ಅವನು ಅವನ್ನು ಪ್ರಯೋಗಿಸಿದ ಗಳಿಗೆಯಲ್ಲೇ ಇಡೀ ಡ್ವೆಮರ್ ಕುಲ ಕಾಣೆಯಾಯಿತು. ಗೆದ್ದ ಸೇನಾಪತಿ ನೆರೆವರ್ ಆ ಉಪಕರಣಗಳನ್ನು ಯಾರೂ ಮುಟ್ಟಕೂಡದು ಎಂದು ತನ್ನವರಿಂದ ಭಾಷೆ ತೆಗೆದುಕೊಂಡ. ಸ್ವಲ್ಪ ದಿನಕ್ಕೆ ಅವನು ಸತ್ತ. ಭಾಷೆ ಕೊಟ್ಟವರಲ್ಲಿ ಮೂವರು, ಅವನ ಹೆಂಡತಿ ಅಲ್ಮಲೆಕ್ಸಿಯಾ, ಮಂತ್ರಿಗಳಾದ ಸೋಥಾ ಸಿಲ್ ಮತ್ತು ವಿವೆಕ್, ಉಪಕರಣಗಳನ್ನು ಹಿಡಿದು ದೇವರಾದರು. ಮಾತು ಮುರಿದದ್ದಕ್ಕೆ ಅಜುರಾ ಎಂಬ ದೇವತೆ ಇಡೀ ಜನಾಂಗವನ್ನೇ ಶಪಿಸಿದಳು. ಹೊಂಬಣ್ಣದ ಚರ್ಮ ಬೂದಿಯಾಯಿತು, ಕಣ್ಣು ಕೆಂಡವಾಯಿತು.

ನೆರೆವರ್ ಸತ್ತದ್ದು ಹೇಗೆ? ಗುಡಿಯವರ ಪ್ರಕಾರ ಯುದ್ಧದ ಗಾಯದಿಂದ. ಬೂದಿ ಬಯಲಿನ ಅಲೆಮಾರಿಗಳ ಪ್ರಕಾರ ಆ ಮೂವರೇ ಕೊಂದರು. ಆಟದ ಕೊನೆಯ ಭಾಗದಲ್ಲಿ ವಿವೆಕ್‌ನ ಎದುರು ನಿಂತು ನೇರವಾಗಿಯೇ ಕೇಳಬಹುದು. ಅವನು ಕೊಲೆಯನ್ನು ಒಪ್ಪುವುದಿಲ್ಲ. ಆದರೆ ಅವನದೇ ಹೆಸರಿನಲ್ಲಿ 36 ಪಾಠಗಳ ಒಂದು ಧರ್ಮಗ್ರಂಥ ಆಟದ ತುಂಬ ಚದುರಿಕೊಂಡಿದೆ. ಬರೆದವರು ಮೈಕಲ್ ಕರ್ಕ್‌ಬ್ರೈಡ್. ಮೊದಲ ಓದಿಗೆ ಅದು ಹುಚ್ಚುಹುಚ್ಚಾದ ಒಗಟು. 29ನೇ ಪಾಠದಲ್ಲಿ ಒಂದು ಸಂಖ್ಯೆಗಳ ಪಟ್ಟಿ ಬರುತ್ತದೆ. ಆ ಸಂಖ್ಯೆಗಳನ್ನು ಹಿಡಿದು ಪಾಠಗಳ ಪದಗಳನ್ನು ಎಣಿಸಿ ಹೆಕ್ಕಿದರೆ ಬೇರೆಯೇ ಒಂದು ಬರಹ ಹೊರಬೀಳುತ್ತದೆ: ಇವನು ಹುಟ್ಟು ದೇವರಲ್ಲ, ದೈವತ್ವ ಕದ್ದದ್ದು, ಒಡೆಯನನ್ನು ಕೊಂದದ್ದು ತನ್ನ ಇಚ್ಛೆಯಿಂದಲೇ, ಇದನ್ನು ಬರೆದವನೂ ಇವನೇ. ಭಕ್ತರು ದಿನವೂ ಪಠಿಸುವ ಗ್ರಂಥದೊಳಗೆ ದೇವರೇ ಹುದುಗಿಸಿಟ್ಟ ತಪ್ಪೊಪ್ಪಿಗೆ. ಪತ್ತೇದಾರಿ ಕಾದಂಬರಿಗಳಲ್ಲೂ ಇಂಥ ಕೈಚಳಕ ಅಪರೂಪ.

ಕದ್ದ ದೈವತ್ವಕ್ಕೆ ನಿರ್ವಹಣೆಯ ಖರ್ಚು ಇದೆ. ಮೂವರೂ ವರ್ಷಕ್ಕೊಮ್ಮೆ ಬೆಟ್ಟದಡಿಗೆ ಹೋಗಿ ಹೃದಯದಿಂದ ಶಕ್ತಿ ತುಂಬಿಕೊಳ್ಳಬೇಕಿತ್ತು. ಎರಡನೆಯ ಯುಗದ 882ರಲ್ಲಿ, ಸತ್ತನೆಂದುಕೊಂಡಿದ್ದ ಹಳೆಯ ಶತ್ರು ಡಾಗೋತ್ ಉರ್ ಬೆಟ್ಟದೊಳಗೆ ಎಚ್ಚೆತ್ತು ಅವರನ್ನು ಓಡಿಸಿದ. ಆಟ ನಡೆಯುವ ಕಾಲಕ್ಕೆ ನಾಲ್ಕು ಶತಮಾನಕ್ಕೂ ಹೆಚ್ಚು ಕಾಲದಿಂದ ಈ ದೇವರುಗಳು ಹಳೆಯ ಉಳಿತಾಯದ ಮೇಲೆ ಬದುಕುತ್ತಿದ್ದಾರೆ. ಬೆಟ್ಟದ ಸುತ್ತ ಎದ್ದಿರುವ ಪ್ರೇತಬೇಲಿಗೆ ಬಲ ಕೊಡುವುದು ಜನ ತಮ್ಮ ಹಿರಿಯರದೆಂದು ಒಪ್ಪಿಸಿದ ಅಸ್ಥಿ ಮತ್ತು ಆತ್ಮಗಳು. ಅಂದರೆ ದೇವರು ಭಕ್ತರನ್ನು ಕಾಯುತ್ತಿಲ್ಲ; ಭಕ್ತರ ಸತ್ತ ಅಜ್ಜ ಅಜ್ಜಿಯರು ದೇವರನ್ನು ಕಾಯುತ್ತಿದ್ದಾರೆ. ವಿವೆಕ್‌ನ ನಗರದ ನೆತ್ತಿಯ ಮೇಲೆ ಒಂದು ದೊಡ್ಡ ಬಂಡೆ ತೇಲುತ್ತಿರುತ್ತದೆ. ಆಕಾಶದಿಂದ ಬೀಳುತ್ತಿದ್ದುದನ್ನು ಅವನು ತಡೆದು ನಿಲ್ಲಿಸಿದ್ದಂತೆ. ಜನ ತನ್ನನ್ನು ಪ್ರೀತಿಸುವವರೆಗೂ ಬೀಳದಂತೆ. ಆ ಬಂಡೆಯನ್ನೇ ಕೊರೆದು ಗುಡಿಯವರು ಭಿನ್ನಮತೀಯರ ಸೆರೆಮನೆ ಮಾಡಿದ್ದಾರೆ. ಮುಂದೆ ವಿವೆಕ್ ಕಾಣೆಯಾದ. 2009ರಲ್ಲಿ ಗ್ರೆಗ್ ಕೀಸ್ ಬರೆದ ಕಾದಂಬರಿಯಲ್ಲಿ ಬಂಡೆಯನ್ನು ಎತ್ತಿ ಹಿಡಿಯಲು ಒಂದು ಯಂತ್ರ ಕೂರಿಸುತ್ತಾರೆ. ಅದರ ಇಂಧನ ಮನುಷ್ಯರ ಆತ್ಮ. ಯಂತ್ರ ಮುರಿದಾಗ ಬಂಡೆ ಬಿತ್ತು, ನಗರ ಹೋಯಿತು, ಕೆಂಪು ಬೆಟ್ಟ ಸಿಡಿಯಿತು.

ಸೋಥಾ ಸಿಲ್‌ನದು ಇನ್ನೊಂದು ಬಗೆಯ ಅಂತ್ಯ. ಜನರ ಕಣ್ಣಿಗೆ ಬೀಳದೆ ತಾನೇ ಕಟ್ಟಿದ ಗಡಿಯಾರದಂಥ ನಗರದಲ್ಲಿ ಅವನು ಅವಿತಿದ್ದ. ಅವನನ್ನು ಹುಡುಕಿಕೊಂಡು ಹೋದರೆ ಸಿಗುವುದು ತಂತಿಗಳಿಂದ ತೂಗುಬಿದ್ದ, ಅರ್ಧ ಯಂತ್ರವಾದ ಹೆಣ. ಕೊಂದವಳು ಅಲ್ಮಲೆಕ್ಸಿಯಾ. ಆಟಗಾರನ ಕೈಯಲ್ಲಿ ಹೃದಯ ನಾಶವಾಗಿ ಶಕ್ತಿ ಸೋರತೊಡಗಿದಾಗ ಅವಳಿಗೆ ಬುದ್ಧಿ ಸ್ಥಿಮಿತ ತಪ್ಪಿತ್ತು. ಸಾಯುವಾಗಲೂ ಅವನು ಒಂದು ಮಾತಾಡಲಿಲ್ಲ ಎಂಬುದು ಅವಳ ಸಿಟ್ಟು. ಇವಳನ್ನೂ ವಿವೆಕ್‌ನನ್ನೂ ಆಟಗಾರ ಕೊಲ್ಲಬಹುದು. ಅಷ್ಟೇ ಅಲ್ಲ, ಅಜುರಾಳ ನಕ್ಷತ್ರ ಎಂಬ ಹರಳು ಕೈಯಲ್ಲಿದ್ದರೆ ಇವರ ಆತ್ಮವನ್ನು ಸೆರೆಹಿಡಿಯಲೂಬಹುದು. ವಿವೆಕ್‌ನ ಆತ್ಮಕ್ಕೆ ಆಟದ ಲೆಕ್ಕದಲ್ಲಿ 1000, ಅಲ್ಮಲೆಕ್ಸಿಯಾಳದಕ್ಕೆ 1500. ಸಾವಿರಾರು ವರ್ಷ ಪೂಜೆಗೊಂಡ ದೇವರನ್ನು ಒಂದು ಉಂಗುರಕ್ಕೆ ಮಂತ್ರ ಹಾಕಲು ಖರ್ಚು ಮಾಡಿದವರು ಎಷ್ಟೋ ಮಂದಿ.

ಈ ದೇವರುಗಳನ್ನು ಕೆಡವುವ ಆಟಗಾರನ ಅರ್ಹತೆಯಾದರೂ ಏನು? ಅವನು ನೆರೆವರ್‌ನ ಪುನರ್ಜನ್ಮ ಎನ್ನುತ್ತಾರೆ. ಕಥೆಯ ಆರಂಭದಲ್ಲಿ ಅವನು ಒಂದು ಮೊಹರು ಹಾಕಿದ ಪೊಟ್ಟಣವನ್ನು ಬಾಲ್ಮೋರಾ ಊರಿನ ಕೈಯಸ್ ಕೊಸೇಡ್ಸ್‌ಗೆ ತಲುಪಿಸಬೇಕು. ಮೈಮೇಲೆ ಅಂಗಿಯಿಲ್ಲದ, ಒಂದೇ ಕೋಣೆಯಲ್ಲಿ ಅಮಲಿನ ಸಾಮಾನಿನ ಜೊತೆ ಬದುಕುವ ಈ ಮುದುಕನೇ ಚಕ್ರವರ್ತಿಯ ಗೂಢಚಾರರ ಮುಖ್ಯಸ್ಥ. ಪೊಟ್ಟಣದೊಳಗಿನ ಆಜ್ಞೆಯ ತಾತ್ಪರ್ಯ: ಇವನ ಹುಟ್ಟಿದ ದಿನ, ತಂದೆತಾಯಿ ಗೊತ್ತಿಲ್ಲದ ಸ್ಥಿತಿ, ಸ್ಥಳೀಯರ ಭವಿಷ್ಯವಾಣಿಗೆ ಹೊಂದುತ್ತದೆ, ಬಳಸಿಕೊಳ್ಳಬಹುದು. ಅವತಾರ ಇಲ್ಲಿ ಮೊದಲು ಒಂದು ಸರ್ಕಾರಿ ಕಡತ. ಆಮೇಲೆ ಅಜುರಾಳ ಗುಹೆಗೆ ಹೋದರೆ ಇವನಿಗಿಂತ ಮೊದಲು ಪ್ರಯತ್ನಿಸಿ ಸೋತ ಅವತಾರಗಳ ಹೆಣಗಳಿರುತ್ತವೆ, ಅವರ ಪ್ರೇತಗಳು ಮಾತಾಡುತ್ತವೆ. ಅವರೂ ಲಕ್ಷಣಗಳು ಕೂಡಿಬಂದವರೇ. ಇವನು ನಿಜವಾದ ನೆರೆವರ್ ಹೌದೋ ಅಲ್ಲವೋ ಎಂಬುದನ್ನು ಆಟ ಕೊನೆಗೂ ಬಿಟ್ಟುಕೊಡುವುದಿಲ್ಲ. ಮಾಡಿ ಮುಗಿಸಿದವನೇ ಅವತಾರ ಎಂಬ ಓದಿಗೂ ಅಲ್ಲಿ ಜಾಗವಿದೆ.

ಟಾಲೋಸ್‌ನ ವಿಷಯದಲ್ಲಿ ಇದೇ ಜಗಳ ರಾಜಕೀಯವಾಗುತ್ತದೆ. ಟೈಬರ್ ಸೆಪ್ಟಿಮ್ ಎಂಬ ದಂಡನಾಯಕ ಖಂಡವನ್ನೆಲ್ಲ ಗೆದ್ದು ಚಕ್ರವರ್ತಿಯಾದ, ಸತ್ತ ಮೇಲೆ ಒಂಬತ್ತನೆಯ ದೇವರಾದ. ಮೂವರ ಬದುಕು ಕೂಡಿ ಒಬ್ಬ ದೇವರಾಯಿತು ಎಂದು ಒಂದು ನಿಷಿದ್ಧ ಗ್ರಂಥ ಹೇಳುತ್ತದೆ. ಯುದ್ಧದಲ್ಲಿ ಬಳಲಿದ ಸಾಮ್ರಾಜ್ಯ ಎಲ್ಫ್‌ಗಳ ಒತ್ತಾಯಕ್ಕೆ ಮಣಿದು ಅವನ ಪೂಜೆಯನ್ನು ನಿಷೇಧಿಸಿತು. ಸ್ಕೈರಿಮ್‌ನ ಅಂತರ್ಯುದ್ಧಕ್ಕೆ ಅದೇ ಕಿಡಿ. ಆಡುವವರು ಇಲ್ಲೊಂದು ಪರೀಕ್ಷೆ ಮಾಡಬಹುದು. ಟಾಲೋಸ್‌ನ ಗುಡಿಯಲ್ಲಿ ಕೈಮುಗಿದರೆ ಘೋಷಮಂತ್ರಗಳ ನಡುವಿನ ಬಿಡುವು ಶೇ 20ರಷ್ಟು ಕಡಿಮೆಯಾಗುತ್ತದೆ. ಹಾಗಾದರೆ ದೇವರೆಂಬುದು ಸಾಬೀತಾಯಿತಲ್ಲ? ಇಲ್ಲ. ಮಾರೋವಿಂಡ್‌ನಲ್ಲಿ ಆ ಮೂವರು ಕಳ್ಳದೇವರ ಗುಡಿಗಳಲ್ಲಿ ಕಾಣಿಕೆ ಹಾಕಿದರೂ ವರ ಸಿಗುತ್ತಿತ್ತು. ನನಗೆ ಹೆಚ್ಚು ನಂಬಿಕೆ ಹುಟ್ಟಿಸಿದ್ದು ಮಾರೋವಿಂಡ್‌ನದೇ ಒಂದು ಸಣ್ಣ ಪ್ರಸಂಗ. ಪ್ರೇತಬೇಲಿಯ ಬಾಗಿಲ ಬಳಿಯ ಠಾಣೆಯಲ್ಲಿ ವುಲ್ಫ್ ಎಂಬ ಮುದಿ ಸಿಪಾಯಿ ಕೂತಿರುತ್ತಾನೆ. ಬೆಟ್ಟ ಹತ್ತುವವನ ಕೈಗೆ ಅದೃಷ್ಟಕ್ಕೆಂದು ಒಂದು ಹಳೆಯ ನಾಣ್ಯ ಕೊಡುತ್ತಾನೆ. ಆಮೇಲೆ ವಿಚಾರಿಸಿದರೆ ಅಂಥ ಸಿಪಾಯಿ ಇಲ್ಲಿರಲೇ ಇಲ್ಲ ಎನ್ನುತ್ತಾರೆ. ಸಾಮ್ರಾಜ್ಯದ ಪೂಜಾರಿಣಿ ಮಾತ್ರ, ಅದು ಟೈಬರ್ ಸೆಪ್ಟಿಮ್‌ನೇ ಇರಬೇಕು ಎನ್ನುತ್ತಾಳೆ.

ವೇಷ ತೊಟ್ಟೇ ದೇವರಾಗುವ ದಾರಿಯೂ ಉಂಟು. ಒಬ್ಲಿವಿಯನ್‌ಗೆ 2007ರಲ್ಲಿ ಸೇರ್ಪಡೆಯಾದ ಶಿವರಿಂಗ್ ಐಲ್ಸ್‌ನಲ್ಲಿ ಹುಚ್ಚಿನ ದೇವರು ಶಿಯೊಗೊರಾತ್ ತನ್ನ ಸಿಂಹಾಸನವನ್ನು ಆಟಗಾರನಿಗೇ ವಹಿಸುತ್ತಾನೆ. ಅವನು ಮೂಲದಲ್ಲಿ ಶಿಸ್ತಿನ ದೇವರು ಜಿಗಲಾಗ್. ಅವನ ಬಲಕ್ಕೆ ಹೆದರಿದ ಉಳಿದವರು ಹುಚ್ಚನಾಗೆಂದು ಶಪಿಸಿದ್ದರು. ಕೊನೆಗೆ ಆಟಗಾರನೇ ಶಿಯೊಗೊರಾತ್ ಆಗಿ ಕೂರುತ್ತಾನೆ. ಸ್ಕೈರಿಮ್‌ನಲ್ಲಿ ಇನ್ನೂರು ವರ್ಷದ ನಂತರ ಸಿಗುವ ಶಿಯೊಗೊರಾತ್ ಹಳೆಯ ಯುದ್ಧದ ಕಾಲದಲ್ಲಿ ತಾನೂ ಅಲ್ಲಿದ್ದೆ ಎಂದು ನರಿ, ಕಡಿದ ತಲೆ ಇತ್ಯಾದಿ ಬಡಬಡಿಸುತ್ತಾನೆ. ಹಿಂದಿನ ಆಟದಲ್ಲಿ ನಾವೇ ಮಾಡಿದ ಕೆಲಸಗಳವು. ನಾವು ಆಡಿದ ಪಾತ್ರ ನಮ್ಮನ್ನೇ ಮರೆತು ಚೀಸ್ ಹಂಚುತ್ತ ಕೂತಿದೆ. ಮ್ಯಾನಿಮಾರ್ಕೊ ಎಂಬ ಪ್ರೇತಮಾಂತ್ರಿಕನದು ಇನ್ನೂ ವಿಚಿತ್ರ. ಡ್ಯಾಗರ್‌ಫಾಲ್‌ಗೆ ಒಂದಕ್ಕೊಂದು ಹೊಂದದ ಹಲವು ಅಂತ್ಯಗಳಿದ್ದವು, ಅದರಲ್ಲೊಂದರಲ್ಲಿ ಇವನು ದೇವರಾಗುತ್ತಿದ್ದ. ಮುಂದಿನ ಆಟಕ್ಕೆ ಯಾವ ಅಂತ್ಯ ನಿಜ ಎಂದು ಆರಿಸಲಾಗದೆ, ಕಾಲವೇ ಒಡೆದು ಎಲ್ಲವೂ ಒಟ್ಟಿಗೆ ನಡೆದವು ಎಂದು ಬರೆದುಬಿಟ್ಟರು. ಹಾಗಾಗಿ ಮ್ಯಾನಿಮಾರ್ಕೊ ಆಕಾಶದಲ್ಲಿ ಚಂದ್ರನಾಗಿಯೂ ಇದ್ದಾನೆ. ಒಬ್ಲಿವಿಯನ್‌ನ ಒಂದು ಗುಹೆಯಲ್ಲಿ ನಾಲ್ಕು ಏಟಿಗೆ ಸಾಯುವ ಮಾಮೂಲಿ ಎಲ್ಫ್ ಆಗಿಯೂ ಇದ್ದಾನೆ.

ಎಲ್ಲಕ್ಕಿಂತ ಗಹನವಾದ ದಾರಿಗೆ ಚಿಮ್ ಎಂದು ಹೆಸರು. ಆಟಗಳಲ್ಲಿ ಅದರ ಸುಳಿವು ಮಾತ್ರ ಇದೆ, ವಿವರ ಹೆಚ್ಚಾಗಿ ಕರ್ಕ್‌ಬ್ರೈಡ್ ಆಟದ ಹೊರಗೆ ಬರೆದದ್ದು. ಈ ಲೋಕವೆಲ್ಲ ಒಂದು ಮಹಾಚೇತನ ಕಾಣುತ್ತಿರುವ ಕನಸು. ಅದನ್ನು ಅರಿತವನಿಗೆ ತಾನು ಬೇರೆಯಾಗಿ ಇಲ್ಲವೇ ಇಲ್ಲ ಎಂಬುದೂ ಹೊಳೆಯುತ್ತದೆ. ಇಲ್ಲಿಯವರೆಗೂ ಅದ್ವೈತ ಕೇಳಿ ಬೆಳೆದ ನಮ್ಮಂಥವರು ತಲೆದೂಗುತ್ತೇವೆ. ಆಮೇಲೆ ದಾರಿ ಕವಲೊಡೆಯುತ್ತದೆ. ಆ ಅರಿವಿನಲ್ಲಿ ಕರಗಿಹೋದವನನ್ನು ನಮ್ಮಲ್ಲಿ ಮುಕ್ತ ಎನ್ನುತ್ತಾರೆ. ಅಲ್ಲಿ ಅವನು ಸೋತವನು, ಹೆಸರೂ ಉಳಿಯದಂತೆ ಅಳಿಸಿಹೋದವನು. ಕನಸೆಂದು ಗೊತ್ತಿದ್ದೂ ನಾನು ಇದ್ದೇನೆ ಎಂದು ಹಟ ಹಿಡಿದು ನಿಂತವನು ಗೆದ್ದವನು. ನಮ್ಮ ಗುರುಗಳು ಬಿಡು ಬಿಡು ಎಂದು ಬೈದ ಅಹಂಕಾರವೇ ಅಲ್ಲಿ ಕೊನೆಯ ಸಿದ್ಧಿ. ಹಾಗೆ ನಿಂತವನು ಕನಸನ್ನು ತನಗೆ ಬೇಕಾದಂತೆ ತಿದ್ದಬಲ್ಲ. ದೇವರಾಗಿರುವುದು ಹೇಗಿರುತ್ತದೆ ಎಂದು ಕೇಳಿದಾಗ ವಿವೆಕ್ ಕೊಡುವ ಉತ್ತರ ಇದರ ಜೊತೆ ಓದಬೇಕಾದದ್ದು. ಕಾಲದೊಳಗೆ ಸತ್ತಾಗ ತಾನು ಬರೀ ಮಲಗಿರುತ್ತೇನೆ, ಏಳಬೇಕೆಂದರೆ ಸಾಕು, ಮತ್ತೆ ಜೀವಂತ. ಏಳಲು ಎಷ್ಟೇ ತಡಮಾಡಿದರೂ ಎದ್ದಾಗ ಒಂದು ಕ್ಷಣವೂ ಕಳೆದಿರುವುದಿಲ್ಲ ಎನ್ನುತ್ತಾನೆ. ಆಟ ನಿಲ್ಲಿಸಿ ಊಟ ಮಾಡಿ ಬಂದು ಸೇವ್ ಫೈಲ್ ತೆರೆದವರಿಗೆಲ್ಲ ಈ ಅನುಭವ ಗೊತ್ತು. ದೇವರ ಲಕ್ಷಣವೆಂದು ಅವನು ಹೇಳಿದ್ದು ಕುರ್ಚಿಯಲ್ಲಿ ಕೂತವರ ಲಕ್ಷಣ.

ಚಿಮ್ ಸಾಧಿಸಿದವರು ನೆಲವನ್ನೇ ಬದಲಾಯಿಸಬಲ್ಲರು ಎಂಬುದಕ್ಕೆ ಒಬ್ಲಿವಿಯನ್‌ನ ಖಳನಾಯಕ ಬರೆದ ಭಾಷ್ಯದಲ್ಲಿ ಟಾಲೋಸ್‌ನ ಉದಾಹರಣೆ ಬರುತ್ತದೆ. 1998ರ ರೆಡ್‌ಗಾರ್ಡ್ ಆಟದ ಜೊತೆ ಕೊಟ್ಟ ಕೈಪಿಡಿಯಲ್ಲಿ ಸಾಮ್ರಾಜ್ಯದ ನಡುನಾಡು ಸಿರೊಡೀಲ್ ದಟ್ಟ ಉಷ್ಣವಲಯದ ಕಾಡು. 2006ರ ಆಟದಲ್ಲಿ ಅದೇ ನಾಡು ಯುರೋಪಿನಂಥ ಹಸಿರು ಬಯಲು, ಓಕ್ ತೋಪು. ಚಿತ್ರ ಬಿಡಿಸುವವರ ನಿರ್ಧಾರ ಬದಲಾಗಿತ್ತು. ಭಾಷ್ಯ ಅದನ್ನು ಪವಾಡವಾಗಿಸಿತು: ಟಾಲೋಸ್ ದೇವರಾದಾಗ ಕಾಡನ್ನು ಅಳಿಸಿದ. ಭಕ್ತರಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. 2014ರಲ್ಲಿ ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್ ಬಂತು. ಅದರ ಕಥೆ ನಡೆಯುವುದು ಟೈಬರ್ ಸೆಪ್ಟಿಮ್ ಹುಟ್ಟುವುದಕ್ಕೂ ಮೊದಲು. ಕಾಡು ಇನ್ನೂ ಇರಬೇಕಿತ್ತು. ಆದರೆ ಸಿರೊಡೀಲ್ ಅಲ್ಲೂ ಹಸಿರು ಬಯಲೇ. ಆದ್ದರಿಂದ ಅದರೊಳಗಿನ ಕಪಾಟಿನಲ್ಲಿ ಒಂದು ಹೊಸ ಪುಸ್ತಕ ಇಟ್ಟಿದ್ದಾರೆ. ಟನೆತ್ ಊರಿನ ಲೇಡಿ ಸಿನಬಾರ್ ಎಂಬ ಪಂಡಿತೆ ಅದರಲ್ಲಿ ಹೇಳುವುದಿಷ್ಟು: ಅಲ್ಲಿ ಕಾಡು ಯಾವತ್ತೂ ಇರಲಿಲ್ಲ, ಹಳೆಯ ಗ್ರಂಥವನ್ನು ನಕಲು ಮಾಡುವಾಗ ಪ್ರತಿಕಾರನ ಕೈ ತಪ್ಪಿದೆ. ಈ ಸಿನಬಾರ್ ಉಳಿದ ಪಂಡಿತರ ಜೊತೆ ಜಗಳಕ್ಕೆ ನಿಂತೇ ಇರುವವಳು. ಅವಳ ಮಾತನ್ನು ಎಷ್ಟು ನಂಬಬೇಕು ಎಂಬುದು ಆಡುವವರಿಗೇ ಬಿಟ್ಟದ್ದು.